ಕಾಮೇಶ್ವರರಾಯರ ಸಂತಾಪಸಭೆ

ರಾಜಮಹೇಂದ್ರಿಯ ವಕೀಲ ಕಾಮೇಶ್ವರರಾಯರ ಹೆಣ ಗೋದಾವರಿಯಲ್ಲಿ ಸಿಕ್ಕಿದಾಗ, ಸ್ನಾನಘಾಟಿನ ಮೆಟ್ಟಿಲಲ್ಲಿ ಕಾಲು ಜಾರಿ ಬಿದ್ದದ್ದು ಎಂದು ಪೊಲೀಸರು ಕೈತೊಳೆದುಕೊಂಡರು. ಒಪ್ಪದವನು ಸೋಮಯಾಜುಲು ಒಬ್ಬನೇ. ಪೊಲೀಸ್ ಡಾಕ್ಟರಾಗಿದ್ದು ನಿವೃತ್ತನಾದವನು. ಊರಿನ ಅನುಮಾನದ ಸಾವುಗಳೆಲ್ಲ ಈಗಲೂ ಅವನ ಜಗಲಿಗೇ ಬರುತ್ತಿದ್ದವು.

"ಮಂಡಿನೋವಿನವನು. ಯಾರಾದ್ರೂ ಕೈಹಿಡೀದೆ ಘಾಟಿನ ಮೆಟ್ಟಿಲು ಇಳಿಯೋನಲ್ಲ ಕಣೋ," ಎಂದ.

ಎದುರಿಗೆ ಕೂತಿದ್ದವರು ಗೆಳೆಯ ರತ್ನಂ ಮೇಷ್ಟ್ರು. ಅವರಿಬ್ಬರು, ಕಾಮೇಶ, ಕಂಟ್ರಾಕ್ಟರ್ ಭಾಸ್ಕರಮೂರ್ತಿ, ನಾಲ್ವರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ರತ್ನಂಗೆ ಟೈಫಾಯ್ಡ್ ಬಂದಾಗ ಹಾಸ್ಟೆಲಿನಲ್ಲಿ ಪಕ್ಕ ಕೂತು ಗಂಜಿ ಕುಡಿಸಿದವನು ಕಾಮೇಶ. ಕೋರ್ಟಿನಲ್ಲೂ ದನಿ ಏರಿಸಿದವನಲ್ಲ. ಎದುರು ಪಕ್ಷದ ಸಾಕ್ಷಿ ಬೆವರಿದರೆ ನೀರು ತರಿಸುತ್ತಿದ್ದ.

ಇಬ್ಬರೂ ಕೋರ್ಟಿಗೆ ಹೋಗಿ ವಿಚಾರಿಸಿದರು. ಆ ಸಂಜೆ ಗೇಟಿನ ಬಳಿ ರಾಯರ ಚಪ್ಪಲಿ ಕಿತ್ತುಹೋಯಿತು, ನನ್ನ ಸೀರೆಯ ಪಿನ್ನು ಹಾಕಿಕೊಟ್ಟೆ, ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ, ಯಾರಿಗೂ ಹೇಳಿಯೂ ಇಲ್ಲ ಎಂದಳು ಟೈಪಿಸ್ಟ್ ನಾಗಮಣಿ. ಆಮೇಲೆ ಅವರು ಮನೆಗೆ ಹೋಗಲೇ ಇಲ್ಲ. ಹೆಣದ ಕಾಲು ಬರಿದಾಗಿತ್ತು. ಚಪ್ಪಲಿ ಹೊಳೆಯ ಪಾಲಾಗಿತ್ತು.

ವಕೀಲರ ಸಂಘದಲ್ಲಿ ಸಂತಾಪಸಭೆ ನಡೆಯಿತು. ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವನು ಭಾಸ್ಕರಮೂರ್ತಿ. ಇಷ್ಟು ದೊಡ್ಡ ವಕೀಲ, ಕಿತ್ತ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡು ಓಡಾಡಿದ ಎಂದು ಕಣ್ಣೊರೆಸಿಕೊಂಡ.

ಸೋಮಯಾಜುಲು ಎದ್ದು ನಿಂತ. "ಮೂರ್ತಿ, ಅವನನ್ನ ಕೊನೇ ಸಲ ಯಾವಾಗ ನೋಡ್ದೆ?"

"ಪೊಲೀಸರಿಗೂ ಹೇಳಿದ್ನಲ್ಲೋ. ತಿಂಗಳಾಯ್ತು."

ಚಪ್ಪಲಿಗೆ ನಾಗಮಣಿ ಪಿನ್ನು ಹಾಕಿಕೊಟ್ಟದ್ದು ಸಾಯುವ ಸಂಜೆ ಎಂದು ಸೋಮಯಾಜುಲು ಸಭೆಗೆ ಬಿಡಿಸಿ ಹೇಳಿದ. ಅದನ್ನು ಕಂಡವನು ಅವತ್ತೇ ಜೊತೆಗಿದ್ದವನು. ಕೈಹಿಡಿದು ಮೆಟ್ಟಿಲಿಳಿಸಿದವನೂ ಅವನೇ. ಮೂರ್ತಿ ಕಟ್ಟಿಸಿದ್ದ ಶಾಲೆಯ ಗೋಡೆ ಕುಸಿದು ಸತ್ತ ಹೆಣ್ಣುಮಕ್ಕಳ ತಾಯಂದಿರಿಗೆ ಕಾಮೇಶ ಅವತ್ತು ಬೆಳಿಗ್ಗೆಯಷ್ಟೇ, ನಾಳೆ ದಾವೆ ಹಾಕೋಣ, ಇವತ್ತು ಒಬ್ಬರ ಹತ್ತಿರ ಮಾತಾಡಬೇಕು ಎಂದಿದ್ದನಂತೆ.

ಮೂರ್ತಿ ಕುರ್ಚಿ ಎಳೆದುಕೊಂಡು ಕೂತ.

"ಮೊದ್ಲು ನಿಂಗೆ ಹೇಳ್ದೆ ದಾವೆ ಹಾಕೋಕೆ ಮನಸ್ಸು ಬರ್ಲಿಲ್ಲ ಅಂದ ಕಾಮೇಶ," ಎಂದ ಮೆಲ್ಲಗೆ. "ತಪ್ಪು ಒಪ್ಕೋ, ನಿನ್ ಪಕ್ಕದಲ್ಲೇ ನಿಂತಿರ್ತೀನಿ ಅಂದ. ತಳ್ಬಿಟ್ಟೆ."

ರತ್ನಂ ಹೊರಗೆ ಬಂದು ಕಂಬ ಹಿಡಿದು ನಿಂತರು. ಯಾರಿಗೂ ಹೇಳದೆ ದಾವೆ ಹಾಕಿದ್ದರೆ ಕಾಮೇಶ ಬದುಕಿರುತ್ತಿದ್ದ. ಆದರೆ ಹಾಗೆ ಮಾಡುವವನು ಕಾಮೇಶನಾಗಿರುತ್ತಿರಲಿಲ್ಲ.

ಪೊಲೀಸರು ಮೂರ್ತಿಯನ್ನು ಹಿಡಿದ ವಾರದೊಳಗೆ ಅವನ ಪರ ವಿಶಾಖಪಟ್ಟಣದ ದೊಡ್ಡ ವಕೀಲರು ಬಂದರು. ಸಭೆಯಲ್ಲಿ ಆಡಿದ್ದೆಲ್ಲ ದುಃಖದ ಭರದ ಮಾತು ಎಂದು ವಾದಿಸಿ ಜಾಮೀನು ಕೊಡಿಸಿದರು. ಗೋಡೆಯ ದಾವೆಗಾಗಿ ರತ್ನಂ ಊರಿನ ವಕೀಲರ ಮನೆಮನೆ ಅಲೆದರು. ಎಲ್ಲರೂ ಕಾಫಿ ಕೊಟ್ಟರು, ಕಾಮೇಶನನ್ನು ಹೊಗಳಿದರು, ದಾವೆ ಮಾತ್ರ ಬೇಡವೆಂದರು.

ಆ ತಾಯಂದಿರು ಈಗಲೂ ರಾಯರ ಜಗಲಿಗೆ ಬಂದು ಕೂರುತ್ತಾರೆ. ಇನ್ನು ಬರಬೇಡಿ ಎನ್ನಲು ರಾಯರ ಹೆಂಡತಿಗೂ ಬಾಯಿ ಬಂದಿಲ್ಲ, ರತ್ನಂಗೂ ಬಂದಿಲ್ಲ.