ಆರಿದ ನೀಲಿ ದೀಪ

ಅಮರೇಶಪ್ಪನವರ ದನಿ ಕಾಣೆಯಾಗಿತ್ತು.

ಮರುದಿನ ಅವರ ವರ್ಷದ ಪುಣ್ಯಸ್ಮರಣೆ. ಅವರು ಹಾಡಿದ ವಚನಗಳೆಲ್ಲ ಕಂಪ್ಯೂಟರಿಗೆ ಸಿಕ್ಕಿಸಿದ ಕರಿ ಹಾರ್ಡ್‌ಡಿಸ್ಕಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಮಣಿಕೊಂಡದ ಆ ಮನೆಯಲ್ಲಿ ಶಿವದೇವಿ ದಿನವೂ ಪೂಜೆ ಮುಗಿಸಿ ಗಂಡನ ಪಟಕ್ಕೂ ಆ ಡಿಸ್ಕಿನ ನೆತ್ತಿಗೂ ವಿಭೂತಿ ಹಚ್ಚುತ್ತಿದ್ದರು. ಈಗ ಡಿಸ್ಕು ಬರಿದು.

"ಸೊಸೀನ ಅಳಿಸ್ಯಾಳ," ಎಂದರು ಶಿವದೇವಿ, ತಮ್ಮನಿಗೆ ಫೋನಿನಲ್ಲಿ. "ನಿನ್ನೆ ಕಂಪ್ಯೂಟರಿಗೆ ಹೊಸಾ ಸಿಸ್ಟಮ್ ಹಾಕಿದಾಕಿ ಆಕೀನ."

ತಮ್ಮ ಬಂಡೆಪ್ಪ ರಾಯಚೂರಿನ ನಿವೃತ್ತ ಇನ್‌ಸ್ಪೆಕ್ಟರ್. ಬಂದವನೇ ಚಹಾ ಮುಟ್ಟದೆ ಮೇಜಿನ ಬಳಿ ಹೋದ. ಸೊಸೆ ದೀಪ್ತಿ ಡಿಸ್ಕಿನ ವೈರನ್ನು ದುಪಟ್ಟಾದಿಂದ ಒರೆಸುತ್ತಿದ್ದಳು. ಇವನನ್ನು ಕಂಡು ಬೆಚ್ಚಿ ಕೈಬಿಟ್ಟಳು.

"ಏನು ಒರೆಸಾಕತ್ತೀ ತಂಗಿ?"

"ಧೂಳರಿ ಮಾಮಾ."

"ನೋಡಿದಿ? ಸಾಕ್ಷಿ ಒರೆಸಾಕತ್ತಾಳ," ಎಂದರು ಶಿವದೇವಿ.

"ಅಕ್ಕಾ, ಸುಮ್ಮನಿರು. ನೌಕರಿ ತುಂಬ ಕಳ್ಳರ ಜೋಡಿ ಮಾತಾಡೀನಿ. ನಿನ್ನಷ್ಟು ಅವಸರ ಅವರಿಗೂ ಇರಲಿಲ್ಲ." ಬಂಡೆಪ್ಪ ದೀಪ್ತಿಯ ಕಡೆ ತಿರುಗಿದ. "ಸಿಸ್ಟಮ್ ಹಾಕೋ ಮುಂಚೆ ಡಿಸ್ಕು ತೆಗೆದಿದ್ದೇನು?"

"ಪ್ರಿಂಟರ್, ಡಿಸ್ಕು ಎಲ್ಲಾ ತೆಗೆದಿದ್ದೆರಿ. ಹಳೇ ಸಿಸ್ಟಮ್ ಅಳಿಸಬೇಕಲ್ಲರಿ, ಇಲ್ಲಾಂದ್ರ ಯಾವ ಡಿಸ್ಕು ಅಳಿಸೋದು, ಯಾವುದು ಬಿಡೋದು ಅಂತ ಗೊಂದಲ ಆಕ್ಕೈತಿ."

"ಆಮೇಲೆ?"

"ಹಾಲು ಉಕ್ಕಿತು, ಅಡುಗಿ ಮನಿಗೆ ಓಡಿದೆ. ತಿರುಗಿ ಬಂದು, ಕಂಪ್ಯೂಟರ್ ಒಳಗಿರೋ ಡಿಸ್ಕು ಒಂದ ಐತಿ ಅಂತ ತಿಳಕೊಂಡು, ಪಟ್ಟಿಯೊಳಗ ಮೊದಲು ಬಂದದ್ದು ಅಳಿಸಿಬಿಟ್ಟೆ. ಸರಿಯಾಗಿ ನೋಡಲಿಲ್ಲ. ತಪ್ಪು ನಂದರಿ."

ಬಂಡೆಪ್ಪ ವೈರನ್ನು ಬೆಳಕಿಗೆ ಹಿಡಿದ. ಕಂಪ್ಯೂಟರಿಗೆ ಚುಚ್ಚುವ ತುದಿಯ ಸಂದಿಯಲ್ಲಿ ಬಿಳಿ ಪುಡಿ ಉಳಿದಿತ್ತು. ಉಗುರಿನಿಂದ ಕೆರೆದು ಮೂಸಿದ.

"ವಿಭೂತಿ. ಅಕ್ಕಾ, ಡಿಸ್ಕಿನ ನೆತ್ತಿಗೆ ಹಚ್ಚೋದು ವೈರಿನ ತುದಿಗೆ ಹೆಂಗ ಬಂತು?"

ಶಿವದೇವಿ ತಮ್ಮ ಬೆರಳ ತುದಿ ನೋಡಿಕೊಂಡರು. ನಿನ್ನೆ ಪೂಜೆಯಿಂದೆದ್ದು ಬಂದಾಗ ದೀಪ್ತಿ ಅಡುಗೆಮನೆಯಲ್ಲಿದ್ದಳು; ಡಿಸ್ಕಿನ ಪುಟ್ಟ ನೀಲಿ ದೀಪ ಆರಿತ್ತು. ವರ್ಷ ತುಂಬುವ ಮೊದಲೇ ಯಜಮಾನರ ದೀಪ ಆರಬಾರದೆಂದು, ಜೋತುಬಿದ್ದ ವೈರನ್ನು ತಾವೇ ಸಿಕ್ಕಿಸಿದ್ದರು. ದೀಪ ಹತ್ತಿತ್ತು. ಕೈ ಮುಗಿದಿದ್ದರು.

"ಸಿಕ್ಕಿಸಿದಾಕಿ ನೀನ," ಎಂದ ಬಂಡೆಪ್ಪ ಮೆಲ್ಲಗೆ. "ಈ ಹುಡುಗಿ ಒರೆಸಾಕತ್ತಿದ್ದು ತನ್ನ ಗುರುತಲ್ಲ, ನಿಂದು."

"ಗೊತ್ತಿದ್ದೂ ಯಾಕ ಹೇಳಲಿಲ್ಲವಾ?" ಎಂದು ಶಿವದೇವಿ ಸೊಸೆಯನ್ನು ಕೇಳಿದರು.

"ಅತ್ತೀ, ನಾ ಬೈಸಿಕೊಂಡ್ರ ನಾಲ್ಕು ದಿನದ ಮಾತು. ನಿಮಗ ಗೊತ್ತಾದ್ರ ಜೀವ ಇರೋತನಕ ಕೊರಗ್ತೀರಿ," ಎಂದಳು ದೀಪ್ತಿ.

ಮರುದಿನ ಪಟದ ಮುಂದೆ ಕೂತ ಶಿವದೇವಿಯವರಿಗೆ ವಿಭೂತಿಗೆ ಬೆರಳು ಅದ್ದಲು ಕೈ ಏಳಲಿಲ್ಲ. ದೀಪ್ತಿಯೇ ಅವರ ಕೈ ಹಿಡಿದು, ಅದ್ದಿಸಿ, ಪಟಕ್ಕೆ ಹಚ್ಚಿಸಿದಳು.