ರಾಣಿಗೆ ಕೊಟ್ಟ ನಗು

"ಕನ್ನಡಿ ನೋಡ್ಕೊಂಡು ರಾಣಿ ಮುಖ ಬರೀಬೇಡಿ" ಎಂದಳು ಬಣ್ಣದಕ್ಕ. "ಬೇರೆ ಏನು ಬೇಕಾದ್ರೂ ಬರೀರಿ."

ಆ ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷದಿಂದ ಬಣ್ಣ ತುಂಬುತ್ತಿದ್ದವಳು ಅವಳು. ಹೊಸಬ ಅನಿಮೇಟರ್ ಕೆಲಸಕ್ಕೆ ಸೇರಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅನಿಮೇಟರನಿಗೆ ಕನ್ನಡಿ ಬೇಡವೆನ್ನುವುದು ಕ್ಷೌರದಂಗಡಿಯಲ್ಲಿ ಕತ್ತರಿ ಬೇಡವೆಂದಂತೆ. ಪಾತ್ರ ನಗಬೇಕಾದರೆ ಮೊದಲು ತಾನು ನಕ್ಕು, ತುಟಿ ಎಲ್ಲಿ ಏರಿತು, ಕೆನ್ನೆ ಎಲ್ಲಿ ಮಡಿಯಿತು ಎಂದು ನೋಡಿಯೇ ಗೆರೆ ಎಳೆಯಬೇಕು. ಇಲ್ಲಿ ಮಾತ್ರ ಪ್ರತಿ ಮೇಜಿನ ಕನ್ನಡಿಯೂ ತಪ್ಪು ಮಾಡಿದ ಮಗುವಿನಂತೆ ಗೋಡೆಗೆ ಮುಖ ಮಾಡಿ ನಿಂತಿತ್ತು.

"ಯಾಕಕ್ಕಾ, ರಾಣಿಯವರಿಗೆ ನಾಚಿಕೆನಾ?"

ಜನ ಮುಗಿಬಿದ್ದು ಆಡುತ್ತಿದ್ದ ವಿಡಿಯೋ ಗೇಮೊಂದರ ಬೂದಿರಾಣಿಯ ಪೂರ್ವಕತೆ ಅದು, ಎಂಟು ನಿಮಿಷದ ಅನಿಮೇಷನ್ ಚಿತ್ರ. ಆಟದಲ್ಲಿ ಅವಳಿಗೆ ಮುಖವಾಡವಷ್ಟೇ. ಸವತಿ ಮಾಡಿಸಿದ ಮಾಟಕ್ಕೆ ಒಳಗಿನ ಮುಖ ಹೇಗೆ ಅಳಿಸಿಹೋಯಿತು ಎಂಬುದನ್ನು ಚಿತ್ರ ತೋರಿಸಬೇಕಿತ್ತು.

"ಆಟ ಬರೆದೋನು ಆ ಮಾಟದ ಮಂತ್ರನ ಎಲ್ಲಿಂದ್ಲೋ ನಿಜವಾದ್ದನ್ನೇ ಎತ್ತಿ ಹಾಕಿದಾನೆ" ಎಂದಳು ಬಣ್ಣದಕ್ಕ. "ಮುಖ ಹೋದೋಳಿಗೆ ಮುಖ ಬೇಕಾಗತ್ತೆ. ನಿಮ್ಮ ಜಾಗದಲ್ಲಿದ್ದೋರು ಕನ್ನಡಿ ನೋಡಿ ಬರೆದ್ರು."

"ಈಗೆಲ್ಲಿದಾರೆ ಅವರು?"

"ಮನೇಲೇ ಇದಾರೆ. ಖುಷಿಯಾಗಿದಾರೋ ಇಲ್ವೋ, ನೋಡಿದ್ರೆ ಗೊತ್ತಾಗಲ್ಲ."

ಹೊಸಬ ಗೊಳ್ಳನೆ ನಕ್ಕು ಕನ್ನಡಿಯನ್ನು ತನ್ನ ಕಡೆ ತಿರುಗಿಸಿಕೊಂಡ.

ಪರದೆಯ ಮೇಲಿನ ಬಣ್ಣಗಳು ಕಣ್ಣಿಗೆ ಸರಿಯಾಗಿ ಕಾಣಲೆಂದು ಕಿಟಕಿಗಳಿಗೆಲ್ಲ ಕರಿ ಬಟ್ಟೆ ಹೊದಿಸಿದ್ದರು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಗವಿ. ಎಸಿಯ ಗುಂಯ್‌ ಸದ್ದಿನ ನಡುವೆ ಅವನು ನಕ್ಕ, ನೋಡಿದ, ಬರೆದ. ಒಂದು ಸೆಕೆಂಡಿನ ನಗುವಿಗೆ ಇಪ್ಪತ್ನಾಲ್ಕು ಚಿತ್ರ. ಕೊನೆಯದಕ್ಕೆ ಬರುವಾಗ ಎಲ್ಲೋ ಕೂದಲು ಸುಟ್ಟ ವಾಸನೆ. ಯಾರದೋ ಚಾರ್ಜರ್ ಇರಬೇಕೆಂದುಕೊಂಡ.

ಅವನ ಹೆಂಡತಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಮಾತೆಲ್ಲ ಕೈಯಲ್ಲಿ. ಆ ಮಾತಿಗೆ ಮುಖವೇ ದನಿ. ಆ ಸಂಜೆ ಅವಳು ಕೆಳಮನೆಯವರ ಜಗಳವನ್ನು ಹತ್ತೂ ಬೆರಳಲ್ಲಿ ಅಭಿನಯಿಸಿ ತೋರಿಸಿದಳು. ಅವನಿಗೆ ಹೊಟ್ಟೆಯೊಳಗೆ ನಗು ಉಕ್ಕಿತು. ಮುಖಕ್ಕೆ ಬರಲಿಲ್ಲ. ಅವಳ ಕೈಗಳು ಅರ್ಧಕ್ಕೇ ನಿಂತವು.

ಎರಡನೆಯ ದಿನ ಹುಬ್ಬೇರಿಸುವ ಬೆರಗನ್ನು ಬರೆದ. ಮೂರನೆಯ ದಿನ ಸಿಟ್ಟು. ನಿರ್ದೇಶಕ ಬೆನ್ನು ತಟ್ಟಿ, "ಜೀವ ತುಂಬಿಬಿಟ್ಟಿದೀರಿ ಕಣ್ರೀ" ಎಂದ. ಮನೆಯಲ್ಲಿ ಅವನು ಕೈಯಿಂದ ಏನು ಕೇಳಿದರೂ ಕಲ್ಲಿಗೆ ಕೈ ಮೂಡಿದ ಹಾಗಿತ್ತು. "ನಾನೇನು ತಪ್ಪು ಮಾಡಿದೆ?" ಎಂದು ಅವಳ ಕೈಗಳು ಕೇಳಿದವು. ಏನೂ ಇಲ್ಲವೆಂದ. ಆ ಮುಖ ಹೊತ್ತು ಹೇಳಿದ್ದನ್ನು ಯಾರು ನಂಬುತ್ತಾರೆ? ಬಚ್ಚಲಿನಲ್ಲಿ ತುಟಿಯ ಎರಡು ತುದಿಗೂ ಬೆರಳು ಕೊಟ್ಟು ಎಳೆದು ನೋಡಿದ. ಬಿಟ್ಟೊಡನೆ ಕಣಕದ ಹಿಟ್ಟಿನಂತೆ ಇಳಿದುಹೋಯಿತು.

ನಾಲ್ಕನೆಯ ದಿನ ಓಡಿದ್ದು ಬಣ್ಣದಕ್ಕನ ಹತ್ತಿರ. ಅವಳು ಅವನ ಮುಖ ನೋಡಿ, ತಕ್ಷಣ ನೆಲ ನೋಡಿದಳು.

"ಅಳು ಬರೆದಾಯ್ತಾ?"

"ಇಲ್ಲ. ಅದೊಂದೇ ಬಾಕಿ."

"ಹಾಗಾದ್ರೆ ಇನ್ನೂ ಕಾಲ ಇದೆ. ಬರೆದಿದ್ದೆಲ್ಲ ಅಳಿಸಿಬಿಡಿ, ನಿಮ್ಮದು ನಿಮಗೆ ವಾಪಸ್ ಬರತ್ತೆ. ಅಳೂ ಹೋದ್ರೆ ಮುಗೀತು."

"ಹಿಂದಿನೋರು ಯಾಕೆ ಅಳಿಸ್ಲಿಲ್ಲ?"

"ಹೇಳ್ದೆ. ತುಂಬಾ ಚೆನ್ನಾಗಿ ಬಂದಿದೆ ಅಕ್ಕಾ, ಮನಸ್ಸು ಬರ್ತಿಲ್ಲ ಅಂದ್ರು."

ಅವನಿಗೆ ಮನಸ್ಸು ಬಂತು. ಮೇಜಿಗೆ ಬಂದು ಮೂರು ದಿನದ ಚಿತ್ರಗಳನ್ನು ಒಟ್ಟಿಗೆ ಆರಿಸಿದ. ಬಲಗೈಯಲ್ಲಿ ಪೆನ್ನು, ಎಡಗೈ ಅಳಿಸುವ ಕೀಲಿಯ ಮೇಲೆ. ಅಷ್ಟರಲ್ಲಿ ಬಾಗಿಲು ತೆರೆದು ಬಿಸಿಲಿನ ಪಟ್ಟಿಯೊಂದು ನೆಲದ ಮೇಲೆ ಬಿತ್ತು.

ಹೆಂಡತಿ.

ನಾಲ್ಕು ದಿನದ ಮುನಿಸನ್ನು ಎದುರಿಗೇ ನಿಂತು ಬಗೆಹರಿಸಲು ಬಂದಿದ್ದಳು. ಅವನನ್ನು ನೋಡಿದಳು. ಕಣ್ಣು ನಿಲ್ಲದೆ ಜಾರಿತು, ಪರದೆಯ ಮೇಲೆ ನಿಂತಿತು.

ರಾಣಿ ನಕ್ಕಳು. ಅವನು ಒತ್ತಿರಲಿಲ್ಲ, ಚಿತ್ರ ತಾನೇ ಓಡಿತು. ಅವನ ನಗುವಿನಲ್ಲಿ ಏಳುತ್ತಿದ್ದಂತೆಯೇ ಎಡಗೆನ್ನೆ ಮೊದಲು ಎದ್ದಿತು. ಬಲಗೆನ್ನೆ ತಡವಾಗಿ ಸೇರಿಕೊಂಡಿತು.

ಹೆಂಡತಿಯ ಮುಖ ಅರಳಿತು. ಅವಳ ಕೈಗಳು ಹಾರಿದವು. ಪರದೆಯ ಕಡೆಗೆ. ಎಲ್ಲಿದ್ದೆ ಇಷ್ಟು ದಿನ? ರಾಣಿ ಹುಬ್ಬೇರಿಸಿದಳು. ಇವಳ ಕೈ ಉತ್ತರಿಸಿತು.

ಕೂದಲು ಸುಟ್ಟ ವಾಸನೆ ಗಂಟಲಿಗೆ ಅಡರಿತು. ಅಳಿಸಬೇಕು. ಈಗಲೇ. ಅವನ ಬೆರಳು ಕೆಳಗಿಳಿಯಿತು.

ಹೆಂಡತಿ ಅವನ ಮಣಿಕಟ್ಟು ಹಿಡಿದಳು.

ಗಟ್ಟಿಯಾಗಿ. ಬಸ್ಸಿನಲ್ಲಿ ಜೇಬಿಗೆ ಬಂದ ಕೈಯನ್ನು ಹಿಡಿಯುವ ಹಾಗೆ. ಆಮೇಲೆ ಅವನ ಮುಖ ನೋಡಿ, ಗುರುತಿಲ್ಲದವರಿಗೆ ತೋರಿಸುವ ಮರ್ಯಾದೆಯಿಂದ, ಬಿಡುವಿದ್ದ ಕೈಯಲ್ಲಿ ನಿಧಾನವಾಗಿ ಹೇಳಿದಳು: ದಯವಿಟ್ಟು ಅಳಿಸಬೇಡಿ. ಇವರು ನನ್ನ ಗಂಡ.

ಅವನಿಗೆ ಅಳು ಬಂತು. ಗಂಟಲಿನವರೆಗೆ ಬಂತು. ಬಲಗೈಯ ಪೆನ್ನು ತಾನಾಗಿಯೇ ಪರದೆಯ ಮೇಲೆ ಕಿರ್ರೆಂದಿತು. ತಡೆದ. ನಿಲ್ಲಲಿಲ್ಲ. ಗೆರೆ. ಇನ್ನೊಂದು ಗೆರೆ. ಅವನ ಕಣ್ಣು ಒಣಗಿಯೇ ಇತ್ತು. ರಾಣಿಯ ಕಣ್ಣು ತುಂಬಿತು.

ಹೆಂಡತಿ ಅವನ ಮಣಿಕಟ್ಟು ಬಿಟ್ಟಳು. ಪರದೆಯ ಹತ್ತಿರ ಬಾಗಿ, ಗಾಜಿನ ಮೇಲಿನ ಕಣ್ಣೀರನ್ನು ಹೆಬ್ಬೆರಳಿಂದ ಒರೆಸುತ್ತ, ಸಮಾಧಾನ ಮಾಡತೊಡಗಿದಳು.