ಬಾಗಿಲ ಹಾಡಿನ ನಿಜವಾದ ಹೆಸರು

ಆಕಾಶವನ್ನೇ ಒಡಲಾಗಿ ಉಳ್ಳ ನಾದಮೂರ್ತಿಯೇ, ನಿನಗೆ ಶರಣು. ಗುಡಿಯ ಗಂಟೆಯಲ್ಲಿ ನುಡಿಯುವವನು ನೀನು; ಸಮುದ್ರದಾಚೆಯ ಬೀದಿಯಲ್ಲಿ, ಬಣ್ಣ ಬಳಿದ ಮರದ ಪೆಟ್ಟಿಗೆಯೊಳಗಿಂದ ಗುಡುಗುವವನೂ ನೀನೇ. ಜೊತೆಯಿಲ್ಲದವರ ಕೋಣೆಗೆ ಕರೆಯದೆಯೇ ಬರುವ ಮೊದಲ ಅತಿಥಿ ನೀನು. ಈ ಕಥೆ ಹೇಳುವ ನಾಲಗೆಗೆ ಸುಳ್ಳು ಸೋಂಕದಂತೆ, ಹಮ್ಮು ಅಂಟದಂತೆ ಕಾಯು.

ಬರಾಂಕೀಯಾ ನಗರದಲ್ಲಿ ಅದು ಭಾನುವಾರದ ಮಧ್ಯಾಹ್ನ. ಅಮಿಲ್ಕಾರ್ ಕಸ್ಸಿಯಾನಿ ತನ್ನ ಮನೆಯ ಮುಂದೆ ಮಂಡಿಯೂರಿ ಪಿಕೋದ ತಂತಿಗಳನ್ನು ಬಿಗಿಯುತ್ತಿದ್ದನು. ಪಿಕೋ ಎಂದರೆ ಆಳೆತ್ತರದ ಧ್ವನಿಪೆಟ್ಟಿಗೆ, ಅದರ ಮುಖದ ತುಂಬ ಕಣ್ಣು ಕುಕ್ಕುವ ನೀಲಿಯಲ್ಲಿ ಬಾಯ್ದೆರೆದ ಮೊಸಳೆ. ಸಂಜೆಯಾದರೆ ಇಡೀ ಕೇರಿ ಕುರ್ಚಿಗಳನ್ನು ಹೊತ್ತು ತಂದು ಆ ನೀಲಿ ಮೊಸಳೆಯ ಮುಂದೆ ನೆರೆಯುತ್ತಿತ್ತು.

"ನಿಮಗೊಂದು ಮಾತು ಹೇಳ್ಬೇಕಿತ್ತು," ಎಂದಿತು ಬೆನ್ನ ಹಿಂದಿನಿಂದ ಒಂದು ಹೆಣ್ಣುದನಿ. "ನಿಮ್ಮದೊಂದು ವಸ್ತು ನಾನು ಕದ್ದಿದೀನಿ."

ಅವನು ತಿರುಗಿದನು. "ಓಹೋ! ಹೋದ ತಿಂಗಳು ಈ ಪೆಟ್ಟಿಗೆಯಿಂದ ಮಾಯ ಆದ ಟ್ವೀಟರ್ ನಿಮ್ಮ ಕೆಲ್ಸಾನಾ? ನಾನು ಪಾಪ ಆ ಎದುರುಮನೆ ಎವೆಲಿಯೋನ ಮೇಲೆ ಅನುಮಾನ ಪಟ್ಟು ಮಾತು ಬಿಟ್ಟಿದೀನಲ್ರೀ!"

"ಟ್ವೀಟರ್ ಅಂದ್ರೇನು ಅಂತಾನೇ ನಂಗೊತ್ತಿಲ್ಲ."

"ಕದಿಯೋರಿಗೆ ಹೆಸರು ಗೊತ್ತಿರ್ಬೇಕು ಅಂತೇನಿಲ್ಲ ತಾಯೀ."

ಹೊಸಿಲ ಬಳಿ ತೂಗುಕುರ್ಚಿಯಲ್ಲಿ ಹಸಿ ತೊಗರಿ ಸುಲಿಯುತ್ತಿದ್ದ ತೆಯೋ ಅತ್ತೆ, ಅಂದರೆ ಅಮಿಲ್ಕಾರನ ಸೋದರತ್ತೆ ತೆಯೋತಿಸ್ತೆ, ಕೈ ನಿಲ್ಲಿಸಿ ಕಿವಿ ನಿಮಿರಿಸಿದಳು.

"ಹಾಡು," ಎಂದಳು ಬಂದವಳು. "ಬಾಗಿಲ ಹಾಡು. ಆ ಮೂಲೇಲಿ ನಿಂತು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಒಂದು ವಿಡಿಯೋ ಗೇಮ್‌ಗೆ ಹಾಕಿದೀನಿ. ಗೇಮ್ ನಾನೇ ಮಾಡಿದ್ದು, ಮನೇಲಿ ಕೂತ್ಕೊಂಡು."

ಆಕೆಯ ಹೆಸರು ಒಡಾಲಿಸ್. ನದಿಯ ಮೇಲ್ದಂಡೆಯ ಮೊಂಪೋಸ್‌ನಿಂದ ಬಂದು, ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವ ಕೆಲಸಕ್ಕೆ ಸೇರಿದವಳು. ಬಾಡಿಗೆ ಕೋಣೆಯಲ್ಲಿ ಕಳೆದ ಮೊದಲ ಭಾನುವಾರ, ಆ ನಗರದಲ್ಲಿ ತನ್ನ ಹೆಸರು ಬಲ್ಲವರು ಒಬ್ಬರೂ ಇಲ್ಲವೆಂಬ ಅರಿವು ಎದೆಯ ಮೇಲೆ ಕುಳಿತಿದ್ದಾಗ, ಎರಡು ಬೀದಿಗಳಾಚೆಯಿಂದ ಆ ಹಾಡು ಕಿಟಕಿಗೆ ಬಂದಿತ್ತು. ಮೊದಲು ಗಿಟಾರಿನ ಮೆಲ್ಲನೆಯ ಬಡಿತ, ಯಾರೋ ಬೆರಳಿನಿಂದ ಕದ ತಟ್ಟಿದ ಹಾಗೆ; ಆಮೇಲೆ ತಿಳಿಯದ ಭಾಷೆಯಲ್ಲಿ ಒಬ್ಬಳು ಹೆಣ್ಣಿನ ಕಂಠ. ಅಂದಿನಿಂದ ಒಡಾಲಿಸ್ ಪ್ರತಿ ಭಾನುವಾರ ಬೀದಿಯ ಮೂಲೆಯವರೆಗೆ ಬಂದು ನಿಂತು, ಹಾಡು ಮುಗಿದೊಡನೆ ಮರಳುತ್ತಿದ್ದಳು. ಯಾರೂ ಅವಳನ್ನು ಕೇಳಿರಲಿಲ್ಲ, ಅವಳು ಯಾರಿಗೂ ಹೇಳಿರಲಿಲ್ಲ.

"ಗೇಮ್ ಅಂದ್ರೆ ಗುಂಡು ಹಾರ್ಸೋದಾ?" ಎಂದು ಅಮಿಲ್ಕಾರ್ ಕೇಳಿದನು.

"ಅಲ್ಲ. ಒಬ್ಬಳು ಹೆಂಗಸು ಬೀದಿ ಬೀದಿ ನಡೀತಾಳೆ. ಎಲ್ಲಾ ಮನೆ ಬಾಗಿಲೂ ಹಾಕಿರ್ತವೆ. ಕೊನೇ ಬೀದೀಲಿ ಈ ಹಾಡು ಕೇಳ್ಸುತ್ತೆ. ಆಗ ಒಂದು ಬಾಗಿಲು ತೆಗೆಯುತ್ತೆ."

"ಅಷ್ಟೇನಾ?"

"ಅಷ್ಟೇ."

"ಗುಂಡು ಹಾರ್ಸೋದಕ್ಕಿಂತ ಕಷ್ಟದ ಆಟ ಬಿಡಿ," ಎಂದನು ಅವನು, ನಗದೆ.

ರಾಜಧಾನಿಯ ಒಂದು ಕಂಪನಿ ಆ ಆಟವನ್ನು ಜನರ ಫೋನುಗಳಿಗೆ ತಲುಪಿಸಲು ಮುಂದೆ ಬಂದಿದೆ, ಹಾಡಿನ ಒಡೆಯರ ಅನುಮತಿ ಕೇಳುತ್ತಿದೆ ಎಂದು ಅವಳು ವಿವರಿಸಿದಳು. ಅಮಿಲ್ಕಾರ್ ಎದ್ದು ಕೈ ಒರೆಸಿಕೊಂಡು, ಅಂಗಿಯ ಗುಂಡಿಗಳನ್ನು ಕೊರಳಿನವರೆಗೆ ಹಾಕಿ, ರೆಕಾರ್ಡ್ ಮಾಡಲು ಅವಳು ಹಿಡಿದ ಫೋನಿನ ಮುಂದೆ ಗಂಭೀರವಾಗಿ ನಿಂತನು.

"ನೀಲಿ ಮೊಸಳೆ ಒಡೆಯ, ಬಾಗಿಲ ಹಾಡಿನ ಒಡೆಯ, ಅಮಿಲ್ಕಾರ್ ಕಸ್ಸಿಯಾನಿ ಆದ ನಾನು, ಈ... ಹೆಸರೇನಂದ್ರಿ?"

"ಒಡಾಲಿಸ್."

"ಈ ಒಡಾಲಿಸ್ ಅವರಿಗೆ ನನ್ನ ಹಾಡನ್ನ ಪೂರ್ತಿ ಮನಸ್ಸಿಂದ ಕೊಟ್ಟಿದೀನಿ. ನಮ್ಮತ್ತೆ ಸಾಕ್ಷಿ."

"ನಾನೇನೂ ಕೇಳಿಸ್ಕೊಂಡಿಲ್ಲಪ್ಪ," ಎಂದಳು ಅತ್ತೆ. "ನೋಡಿದ್ದು ಇಷ್ಟೇ, ಗುಂಡಿ ಹಾಕ್ಕೊಂಡ. ಅವರಪ್ಪ ಸತ್ತಾಗ್ಲೂ ಆ ಮೇಲಿನ ಗುಂಡಿ ಹಾಕಿರ್ಲಿಲ್ಲ ಇವ್ನು."

ಒಡಾಲಿಸ್‌ಳ ಕೆನ್ನೆ ಬಿಸಿಯಾಯಿತು. ಅವನು ಫೋನಿನತ್ತ ನೋಡಬೇಕಾದ ಕಣ್ಣುಗಳಿಂದ ಅವಳತ್ತ ನೋಡುತ್ತಿದ್ದನು. ಅವಳು ಅದನ್ನು ಗಮನಿಸಿದ್ದು ತಿಳಿದೊಡನೆ ಮೊಸಳೆಯ ಹಲ್ಲುಗಳನ್ನು ಎಣಿಸುವವನಂತೆ ಮುಖ ತಿರುಗಿಸಿದನು.

ಅವರಿಬ್ಬರಲ್ಲಿ ಯಾರಿಗೂ ಆ ಅನುಮತಿಯಲ್ಲಿ ಕೊರತೆ ಕಾಣಲಿಲ್ಲ. ಆ ಕೇರಿಗಳಲ್ಲಿ ರೆಕಾರ್ಡು ಯಾರದೋ, ಹಾಡೂ ಅವರದೇ. ಆಫ್ರಿಕಾದಿಂದ ನಾವಿಕರು ತಂದ ಅಪರೂಪದ ರೆಕಾರ್ಡು ಕೈಸೇರಿತೆಂದರೆ, ಪಿಕೋದ ಒಡೆಯನು ಮೊದಲು ಮಾಡುತ್ತಿದ್ದುದು ಅದರ ನಡುವಣ ಚೀಟಿಯನ್ನು ಬ್ಲೇಡಿನಿಂದ ಕೆರೆದು ಅಳಿಸುವ ಕೆಲಸ. ಎದುರಾಳಿ ಪಿಕೋದವನು ಹೆಸರು ಓದಿ ಇನ್ನೊಂದು ಪ್ರತಿ ತರಿಸಬಾರದು. ಹೆಸರು ಕಳೆದುಕೊಂಡ ಹಾಡಿಗೆ ಜನರೇ ಅಡ್ಡಹೆಸರು ಇಡುತ್ತಿದ್ದರು. ಬಾಗಿಲ ಹಾಡನ್ನು ಹಾಗೆ ಕೆರೆದವನು ಅಮಿಲ್ಕಾರನ ತಂದೆ.

ಮುಂದಿನ ಭಾನುವಾರಗಳಲ್ಲಿ ಅವಳು ಮೂಲೆಯಲ್ಲಿ ನಿಲ್ಲಲಿಲ್ಲ. ಅತ್ತೆ ಅವಳಿಗೊಂದು ಕುರ್ಚಿ ಹಾಕಿಸಿದಳು. ಅಮಿಲ್ಕಾರ್ ಅವಳ ಫೋನು ಹಿಡಿದು ಆಟವಾಡುವನು. ಅವನ ದಪ್ಪ ಬೆರಳುಗಳು ಆ ಪುಟ್ಟ ಹೆಂಗಸನ್ನು ಮತ್ತೆ ಮತ್ತೆ ಗೋಡೆಗೆ ಡಿಕ್ಕಿ ಹೊಡೆಸುವವು.

"ಪಾಪ, ಅವಳಿಗೆ ಮೂಗು ಒಡೆದು ಹೋಗುತ್ತೆ. ಮೆತ್ತಗೆ!"

"ಬಾಗಿಲು ತೆಗೀರಿ ಅಂತ ಇವಳು ಬಾಯಿ ಬಿಟ್ಟು ಕೇಳ್ಬಾರ್ದಾ?"

"ಅವಳಿಗೆ ಕೇಳೋಕೆ ಬರಲ್ಲ."

"ಮಾಡಿದೋರಿಗೆ ಬರುತ್ತಾ?"

ಅವಳು ಫೋನು ಕಿತ್ತುಕೊಂಡಳು. ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಅದನ್ನು ಗಮನಿಸದವರಂತೆ ಬಹಳ ಹೊತ್ತು ನಟಿಸಿದರು.

ಅಷ್ಟರಲ್ಲಿ ಕಂಪನಿಯ ಉತ್ತರ ಬಂದಿತು. ಧ್ವನಿಪೆಟ್ಟಿಗೆಯ ಒಡೆಯನು ಹಾಡಿನ ಒಡೆಯನಾಗುವುದಿಲ್ಲ. ಹಾಡಿನ ಹೆಸರನ್ನೂ ಹಾಡಿದವರ ಹೆಸರನ್ನೂ ತಿಳಿಸಿ ಅವರ ಒಪ್ಪಿಗೆ ತನ್ನಿ. ಇಲ್ಲವಾದರೆ ಹಾಡನ್ನು ತೆಗೆಯಿರಿ. ಹಾಡು ಕೇಳಿ ಹೆಸರು ಹೇಳುವ ಫೋನಿನ ಯುಕ್ತಿಗಳೂ ಆ ಹಾಡಿನ ಮುಂದೆ ಸೋತವು. ಹಾಡಿಲ್ಲದಿದ್ದರೆ ಆ ಕೊನೆಯ ಬೀದಿಗೆ ಜೀವವಿಲ್ಲ. ಆ ಬೀದಿಗಾಗಿಯೇ ಅವಳು ಉಳಿದೆಲ್ಲ ಬೀದಿಗಳನ್ನು ಕಟ್ಟಿದ್ದಳು.

ಅವಳು ನೇರ ಹೋಗಿ, ಡಾಮಿನೋ ಆಡುತ್ತಿದ್ದ ಗಂಡಸರ ಮುಂದೆಯೇ, ಬರೆದುಕೊಳ್ಳಲು ಫೋನು ಹಿಡಿದು ಅಮಿಲ್ಕಾರನನ್ನು ಕೇಳಿದಳು: "ಆ ಹಾಡಿನ ನಿಜವಾದ ಹೆಸರೇನು, ಹೇಳ್ತೀರಾ?"

ಡಾಮಿನೋ ಬಿಲ್ಲೆಗಳ ಸದ್ದು ನಿಂತಿತು. ಒಬ್ಬನು ಕೆಮ್ಮಿದನು. ತೆಯೋ ಅತ್ತೆ "ಅಯ್ಯೋ ದೇವರೇ" ಎಂದು ಶಿಲುಬೆಯ ಗುರುತು ಮಾಡಿಕೊಂಡಳು.

ಅಮಿಲ್ಕಾರನ ಮುಖ ಬೆಳಗಿತು. "ಯಾಕೆ ಕೇಳ್ತಿದೀರಿ?"

"ಕಂಪನಿಗೆ ಬೇಕಂತೆ. ಬೇರೆ ಯಾರಿಗೂ ಹೇಳಲ್ಲ, ಆಣೆ."

"ಕಂಪನಿಗೆ." ಅವನ ಮುಖದ ಬೆಳಕು ಆರಿತು.

"ಮತ್ತೇನಕ್ಕೆ ಕೇಳ್ತಾರೆ?"

ಅವನು ಅವಳನ್ನು ದೀರ್ಘವಾಗಿ ನೋಡಿದನು. ಆ ನೋಟದಲ್ಲಿ ಏನಿತ್ತೋ ಅವಳಿಗೆ ಓದಲಾಗಲಿಲ್ಲ.

"ಹೌದು, ಮತ್ತೇನಕ್ಕೆ," ಎಂದನು. "ಆಗಲ್ಲ. ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಿ."

"ಅವತ್ತು ಪೂರ್ತಿ ಮನಸ್ಸಿಂದ ಕೊಟ್ಟೆ ಅಂದ್ರಲ್ಲ, ಏನು ಕೊಟ್ರಿ ಹಾಗಾದ್ರೆ?"

"ಹಾಡು ಕೊಟ್ಟೆ. ಹೆಸರಲ್ಲ."

ಅವಳು ಹಿಂತಿರುಗಿ ನಡೆದಳು. ಮೂಲೆ ತಿರುಗುವವರೆಗೆ ಹಿಂದಿನಿಂದ ಯಾರೂ ಕೂಗಲಿಲ್ಲ.

ಆ ವಾರವೇ ಅವಳು ಆಟದಿಂದ ಹಾಡನ್ನು ತೆಗೆದಳು. ಅದರ ಜಾಗದಲ್ಲಿ ಬೇರೆ ಬೇರೆ ರಾಗಗಳನ್ನು ಕೂರಿಸಿ ನೋಡಿದಳು. ಒಂದೊಂದೂ ಸತ್ತವರ ಕುರ್ಚಿಯಲ್ಲಿ ಬಂದು ಕುಳಿತ ಅಪರಿಚಿತನಂತೆ ಕಂಡಿತು. ಕೊನೆಗೆ ಏನನ್ನೂ ಇಡಲಿಲ್ಲ. ಕೊನೆಯ ಬೀದಿಯಲ್ಲಿ ಆ ಹೆಂಗಸು ನಿಲ್ಲುತ್ತಾಳೆ, ಯಾವ ಸದ್ದೂ ಇಲ್ಲ, ಬಾಗಿಲು ತೆರೆಯುತ್ತದೆ. ಕಂಪನಿ ಒಪ್ಪಿತು. ಆಟ ಊರೂರಿಗೆ ಹೋಯಿತು.

ಭಾನುವಾರಗಳಂದು ಒಡಾಲಿಸ್ ಆ ಹಾಡು ತಲುಪದಷ್ಟು ದೂರ, ನದಿಯ ದಂಡೆಗೆ ಹೋಗುತ್ತಿದ್ದಳು. ಹುರಿದ ಮೀನು, ತೆಂಗಿನ ಹಾಲಿನ ಅನ್ನ ತರಿಸಿಕೊಂಡು ಅರ್ಧ ಬಿಡುತ್ತಿದ್ದಳು. ಎದುರಿನ ಖಾಲಿ ಕುರ್ಚಿಯನ್ನು ಯಾರಾದರೂ "ಇದು ಬೇಕಾ ನಿಮಗೆ?" ಎಂದು ಕೇಳಿ ಎತ್ತಿಕೊಂಡು ಹೋಗುತ್ತಿದ್ದರು. ಅಲಂಕಾರಶಾಸ್ತ್ರದವರು ವಿರಹದ ಭೇದಗಳನ್ನು ಎಷ್ಟು ಬಗೆಯಾಗಿ ವಿಂಗಡಿಸಿದರೂ, ಎರಡೇ ಬೀದಿಗಳ ಅಂತರದಲ್ಲಿದ್ದು, ತಾನು ಕಳೆದುಕೊಂಡದ್ದು ಏನೆಂದೇ ತಿಳಿಯದವಳ ವಿರಹಕ್ಕೆ ಒಂದು ಹೆಸರನ್ನು ಇಡದೆ ಹೋದರು.

ಒಂದು ಬೆಳಿಗ್ಗೆ ತೆಯೋ ಅತ್ತೆ ಕನ್ನಡಕದ ಅಂಗಡಿಗೆ ಬಂದಳು.

"ಕೂತ್ಕೊಳ್ಳಿ ಅತ್ತೆ. ಕಣ್ಣು ಮಂಜಾಗಿದ್ಯಾ?"

"ನನ್ನ ಕಣ್ಣು ಸರಿಯಾಗೇ ಇದೆ. ನಿನ್ನ ಕಣ್ಣಿಗೆ ಏನಾಗಿದೆ ಅಂತ ನೋಡೋಕೆ ಬಂದೆ. ಅವತ್ತು ನೀನು ಏನು ಕೇಳ್ದೆ ಅಂತ ಗೊತ್ತಾ ನಿಂಗೆ?"

"ಹಾಡಿನ ಹೆಸರು."

"ಮದುವೆ ಕಣೇ ಕೇಳಿದ್ದು! ಅಷ್ಟು ಜನ ಡಾಮಿನೋ ಆಡೋ ಗಂಡಸರ ಎದುರಿಗೆ!"

ಒಡಾಲಿಸ್ ಅರೆಯುತ್ತಿದ್ದ ಗಾಜನ್ನು ಕೆಳಗಿಟ್ಟಳು.

"ನಮ್ಮಣ್ಣ ಆ ಹೆಸರು ತನ್ನ ಹೆಂಡ್ತಿಗೆ ಹೇಳಿದ್ದು ಮದುವೆ ದಿನ, ಚರ್ಚಿನ ಮೆಟ್ಟಿಲ ಮೇಲೆ, ಕಿವೀಲಿ. ಸಾಯೋವಾಗ ಮಗನಿಗೆ ಹೇಳ್ದ. ಒಡಹುಟ್ಟಿದೋಳು ನಾನು, ನಂಗೇ ಹೇಳ್ಲಿಲ್ಲ ಮಹಾರಾಯ! ಅಮಿಲ್ಕಾರನ ಜೊತೆ ಕೆಲವು ವರ್ಷ ಒಬ್ಬಳು ಸಂಸಾರ ಮಾಡಿದ್ಲು, ದಿನಾ ಕೇಳ್ತಿದ್ಲು. ಇವ್ನು ಬಾಯಿ ಬಿಡ್ಲಿಲ್ಲ. ಬಿಟ್ಟು ಹೋದ್ಲು. ಕೇರಿಗೆಲ್ಲ ಗೊತ್ತಿರೋ ಮಾತಿದು."

"ನಂಗೊತ್ತಿರ್ಲಿಲ್ಲ! ಅವರಾದ್ರೂ ಹೇಳ್ಬಾರ್ದಿತ್ತಾ?"

"ಹೆಂಗೆ ಹೇಳ್ತಾನೆ? ನೀನು ಕೇಳಿದ ತಕ್ಷಣ ಅವನ ಮುಖದಲ್ಲಿ ದೀಪ ಹತ್ತಿತ್ತು. ಕಂಪನಿಗೆ ಅಂದೆ, ಊದಿ ಆರ್ಸಿಬಿಟ್ಟೆ." ಅತ್ತೆ ಚೀಲವೆತ್ತಿಕೊಂಡು ಎದ್ದಳು. "ನಿನ್ನ ಆ ಆಟ ಕೇರಿಯವರೆಲ್ಲ ಆಡಿ ಮುಗಿಸಿದ್ರು. ಇವನು ಮಾತ್ರ ಕೊನೇ ಬೀದೀಲಿ, ಬಾಗಿಲು ತೆಗೆದ್ರೂ ಒಳಗೆ ಹೋಗ್ದೆ ನಿಂತಿರ್ತಾನೆ. ಯಾಕೋ ಅಂದ್ರೆ, ಸದ್ದಿಲ್ಲ ಅತ್ತೆ ಅಂತಾನೆ."

ಆ ಭಾನುವಾರ ಒಡಾಲಿಸ್ ನದಿಗೆ ಹೋಗಲಿಲ್ಲ.

ಕೇರಿ ಇನ್ನೂ ನೆರೆದಿರಲಿಲ್ಲ. ಅಮಿಲ್ಕಾರ್ ರೆಕಾರ್ಡುಗಳ ಧೂಳು ಒರೆಸುತ್ತಿದ್ದನು. ಅವಳನ್ನು ಕಂಡು ಬಟ್ಟೆ ಕೆಳಗಿಟ್ಟನು.

"ಹೆಸರು ಕೇಳೋಕೆ ಬಂದಿಲ್ಲ," ಎಂದಳು ಅವಳು ಅವಸರದಿಂದ. "ಕ್ಷಮೆ ಕೇಳೋಕೆ ಬಂದೆ. ಏನು ಕೇಳ್ತಿದೀನಿ ಅಂತ ಗೊತ್ತಿಲ್ದೆ ಕೇಳಿದ್ದಕ್ಕೆ."

"ಈಗ ಗೊತ್ತಾ?"

"ಅತ್ತೆ ಹೇಳಿದ್ರು."

ಅವನು ಹೊಸಿಲತ್ತ ತಿರುಗಿದನು. ಅತ್ತೆ ತನ್ನ ಉಗುರುಗಳನ್ನು ಮೊದಲ ಬಾರಿಗೆ ಕಂಡವಳಂತೆ ಪರೀಕ್ಷಿಸುತ್ತಿದ್ದಳು.

"ಗೊತ್ತಿದ್ದೂ ಯಾರಾದ್ರೂ ಕೇಳಿದ್ರೆ, ಆಗ ಬೇರೆ ಮಾತು," ಎಂದನು ಅಮಿಲ್ಕಾರ್, ರೆಕಾರ್ಡಿನ ಅಂಚನ್ನು ಸವರುತ್ತ.

"ಕೇಳಿದ್ರೆ ಹೇಳ್ತೀರಾ?"

"ಕೇಳಿ ನೋಡು."

ಬಹುವಚನ ಬಿದ್ದುಹೋದುದು ಅವಳಿಗೆ ಕೇಳಿಸಿತು. ಆ ನಗರಕ್ಕೆ ಬಂದಂದಿನಿಂದ, ಅತ್ತೆಯ ಹೊರತು, ಅವಳನ್ನು ಯಾರೂ ಅಷ್ಟು ಹತ್ತಿರದಿಂದ ಕರೆದಿರಲಿಲ್ಲ.

"ಹಾಡಿನ ಹೆಸರೇನು, ಅಮಿಲ್ಕಾರ್?"

ಅವನು ರೆಕಾರ್ಡನ್ನಿಟ್ಟು ಮುಳ್ಳನ್ನಿಳಿಸಿದನು. ಮೊಸಳೆ ಬಾಯ್ದೆರೆಯಿತು, ಗೋಡೆಗಳು ನಡುಗಿದವು, ತಗಡಿನ ಮಾಡುಗಳು ಝೇಂಕರಿಸಿದವು. ಆ ಮೊರೆತದ ನಡುವೆ, ಪಕ್ಕದಲ್ಲಿ ನಿಂತವರಿಗೂ ಕೇಳದ ಹಾಗೆ, ಅವನು ಬಾಗಿ ಅವಳ ಕಿವಿಯಲ್ಲಿ ಎರಡು ಹೆಸರುಗಳನ್ನು ಹೇಳಿದನು: ಒಂದು ಹಾಡಿನದು, ಒಂದು ಹಾಡಿದ ಹೆಣ್ಣಿನದು. ಅವು ಯಾವುವೆಂದು ಈ ಕಥೆ ಹೇಳುವವನಿಗೂ ತಿಳಿಯದು. ಕೇಳುವುದು ಧರ್ಮವೂ ಅಲ್ಲ.

ಹಾಡು ಮುಗಿದಾಗ ಅವಳ ಕಣ್ಣು ತುಂಬಿತ್ತು.

"ಆಕೆ ಇದಾರಾ ಇನ್ನೂ?"

"ಗೊತ್ತಿಲ್ಲ. ಅಪ್ಪ ಬ್ಲೇಡಲ್ಲಿ ಕೆರೆದಿದ್ದು ಆಕೆ ಹೆಸರನ್ನೂ. ಇಷ್ಟು ದಿನ ನಂಗೆ ಅದು ಹೊಳೀಲೇ ಇಲ್ಲ. ನಿನ್ನ ಆಟದಲ್ಲಿ ಆ ಜಾಗ ಬಿಕೋ ಅಂತಿತ್ತಲ್ಲ, ಆಗ ಹೊಳೀತು. ಕಂಪನಿಗೆ ಬರಿ ಬೇಕಾದ್ರೆ. ಇನ್ಮೇಲೆ ಅದು ನಿಂದೂ ಹೌದು."

"ಕಂಪನಿಗಲ್ಲ. ಮೊದಲು ಆಕೆಗೆ ಗೊತ್ತಾಗ್ಬೇಕು, ಇಲ್ಲಿ ಇಷ್ಟು ಜನ ಆಕೆ ಹಾಡಿಗೆ ಕುಣಿದ್ರು ಅಂತ. ಆಕೆ ಹೂಂ ಅಂದ್ರೆ ಆಟಕ್ಕೆ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ." ಅವಳು ಅನುಮಾನಿಸಿದಳು. "ಆದ್ರೆ ಹುಡುಕೋಕೆ ಹೊರಟ್ರೆ ಹೆಸರು ಹೊರಗೆ ಬರುತ್ತೆ. ಎಲ್ಲಾ ಪಿಕೋದೋರೂ ತರಿಸ್ಕೊತಾರೆ. ನಿಮಗೆ ಏನು ಉಳಿಯುತ್ತೆ?"

"ಏನು ಉಳಿಯುತ್ತೆ? ಹಲ್ಲುದುರಿದ ಬೋಡು ಮೊಸಳೆ."

"ಬೋಡು ಮೊಸಳೆ ಜೊತೆ ಇರೋಕೆ ನಂಗೇನೂ ಭಯ ಇಲ್ಲಪ್ಪ."

ಅವನು ನಕ್ಕನು, ಆಮೇಲೆ, ನಗು ತೀರಿದ ಮೇಲೂ, ಅವಳ ಕೈಯನ್ನು ಬಿಡಲಿಲ್ಲ.

ಅವರು ಆಫ್ರಿಕಾದ ರೇಡಿಯೋದವರನ್ನು, ಹಳೆಯ ವಾದ್ಯಗಾರರನ್ನು ವಿಚಾರಿಸುತ್ತಲೇ ಇದ್ದಾರೆ. ಈವರೆಗೆ ಉತ್ತರವಿಲ್ಲ. ಆಟದ ಕೊನೆಯ ಬೀದಿ ಇಂದಿಗೂ ನಿಶ್ಶಬ್ದವಾಗಿದೆ. ಎಲ್ಲೋ ಒಂದು ಬಂದರಿನ ಊರಿನಲ್ಲಿ, ತನ್ನ ದನಿಯನ್ನು ಲೋಕ ಮರೆಯಿತೆಂದುಕೊಂಡು ಒಬ್ಬ ವೃದ್ಧೆ ಸಂಜೆಗೆ ಮುಖಮಾಡಿ ಒಂಟಿಯಾಗಿ ಕುಳಿತಿರಬಹುದು. ಇಲ್ಲಿ ಇಬ್ಬರು, ಒಂದೇ ತಟ್ಟೆಯಲ್ಲಿ ಉಣ್ಣುತ್ತ, ಆಕೆಯ ಹೆಸರನ್ನು ಪ್ರತಿದಿನ ಒಮ್ಮೆ ಮೆಲ್ಲನೆ ಉಚ್ಚರಿಸುತ್ತಾರೆ.

ಈ ಕಥೆಯನ್ನು ಓದಿದವರಿಗೂ ಓದಿಸಿ ಕೇಳಿದವರಿಗೂ ಒಳಿತಾಗಲಿ. ಒಂಟಿಯಾಗಿ ಕುಳಿತವರ ಬಳಿ ಯಾರಾದರೂ ಕುರ್ಚಿ ಎಳೆದುಕೊಂಡು ಕೂರಲಿ. ಯಾರ ಹಾಡಿನಿಂದ ನಮ್ಮ ಎದೆ ತಣಿಯಿತೋ, ನಮ್ಮ ಕೃತಜ್ಞತೆ ಅವರು ಬದುಕಿರುವಾಗಲೇ ಅವರನ್ನು ಮುಟ್ಟಲಿ. ಸರ್ವರಿಗೂ ಮಂಗಳವಾಗಲಿ.